ಚಂದ್ರಕಾಂತ ಶಿಲೆ: ಕವಿಸಮಯದಿಂದ ಖನಿಜಶಾಸ್ತ್ರದವರೆಗೆ

ಭಾರತೀಯ ಕಾವ್ಯಪರಂಪರೆಯ ಚಂದ್ರೋದಯ ವರ್ಣನೆಗಳಲ್ಲಿ ನಾಲ್ಕು ಸಂಗತಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಡಲು ಉಕ್ಕುತ್ತದೆ, ನೈದಿಲೆ ಅರಳುತ್ತದೆ, ಚಕೋರ ಬೆಳದಿಂಗಳನ್ನು ಕುಡಿಯುತ್ತದೆ, ಚಂದ್ರಕಾಂತ ಶಿಲೆ ನೀರೊಸರುತ್ತದೆ. ಅಷ್ಟಾದಶ ವರ್ಣನೆಗಳಲ್ಲಿ ಚಂದ್ರೋದಯಕ್ಕೂ ಸ್ಥಾನವಿರುವುದರಿಂದ ಸಂಸ್ಕೃತ ಮಹಾಕಾವ್ಯಗಳ ಜೊತೆಗೆ ಕನ್ನಡ ಚಂಪೂಕಾವ್ಯಗಳ ಓದುಗರಿಗೂ ಈ ಪರಿಕರ ಪರಿಚಿತವಾಗಿದೆ. ಇವುಗಳಲ್ಲಿ ಕಡಲಿನ ಉಬ್ಬರವೂ ನೈದಿಲೆಯ ಅರಳುವಿಕೆಯೂ ಕಣ್ಣಿಗೆ ಕಾಣುವ ಸಂಗತಿಗಳು. ಚಕೋರ ನಿಜವಾದ ಪಕ್ಷಿಯಾದರೂ ಅದರ ಬೆಳದಿಂಗಳ ಪಾನ ಕವಿಕಲ್ಪನೆ. ನಾಲ್ಕನೆಯದಾದ ಚಂದ್ರಕಾಂತದ ಸ್ಥಿತಿಯೇನು? ಅದು ಕಲ್ಲೋ, ಕಲ್ಪನೆಯೋ, ಅಥವಾ ಕಲ್ಲಿನ ಮೇಲೆ ಕಟ್ಟಿದ ಕಲ್ಪನೆಯೋ?

ಈ ಪ್ರಶ್ನೆಗೆ ಇಂದು ಸಿದ್ಧ ಉತ್ತರವೊಂದು ಚಲಾವಣೆಯಲ್ಲಿದೆ. ಆಭರಣದ ಅಂಗಡಿಗಳಲ್ಲಿ ಮೂನ್‌ಸ್ಟೋನ್ ಎಂದು ಮಾರಾಟವಾಗುವ, ಹಾಲಿನಂತಹ ಮೈಯಲ್ಲಿ ತಿಳಿನೀಲಿ ಬೆಳಕು ತೇಲಿದಂತೆ ಕಾಣುವ ಫೆಲ್ಡ್‌ಸ್ಪಾರ್ ಖನಿಜವೇ ಪ್ರಾಚೀನರ ಚಂದ್ರಕಾಂತ ಎಂಬುದು ಆ ಉತ್ತರ. ನಿಘಂಟುಗಳು, ಕಾವ್ಯಗಳ ಟಿಪ್ಪಣಿಗಳು, ಅನುವಾದಗಳು ಈ ಸಮೀಕರಣವನ್ನು ಬಹುಮಟ್ಟಿಗೆ ಪ್ರಶ್ನಿಸದೆ ಒಪ್ಪಿಕೊಂಡಿವೆ. ಆದರೆ ಒಂದು ಹೆಸರು ಎರಡು ಕಾಲಗಳಲ್ಲಿ ಒಂದೇ ವಸ್ತುವನ್ನು ಸೂಚಿಸುತ್ತದೆಂದು ಹೇಳಬೇಕಾದರೆ ಲಕ್ಷಣಗಳು ಹೊಂದಬೇಕು. ಗ್ರಂಥಸ್ಥವಾದ ಚಂದ್ರಕಾಂತದ ಲಕ್ಷಣಗಳನ್ನೂ ಖನಿಜವಾದ ಮೂನ್‌ಸ್ಟೋನಿನ ಗುಣಗಳನ್ನೂ ಎದುರುಬದುರು ಇರಿಸಿ, ಈ ಸಮೀಕರಣ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಂಥಗಳಲ್ಲಿ ಚಂದ್ರಕಾಂತ

ರತ್ನಗಳ ಶಾಸ್ತ್ರೀಯ ಪಟ್ಟಿಗಳಲ್ಲಿ ಚಂದ್ರಕಾಂತಕ್ಕೆ ಹಳೆಯ ಸ್ಥಾನವಿದೆ. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ರತ್ನಪರೀಕ್ಷಾ ಭಾಗದಲ್ಲಿ 22 ರತ್ನಗಳನ್ನು ಹೆಸರಿಸುತ್ತಾನೆ. ವಜ್ರ, ಇಂದ್ರನೀಲ, ಮರಕತ, ಪದ್ಮರಾಗಗಳ ಸಾಲಿನಲ್ಲಿ ಸ್ಫಟಿಕವಾದ ಕೂಡಲೇ ‘ಶಶಿಕಾಂತ’ ಬರುತ್ತದೆ. ಶಶಿಕಾಂತವೆಂದರೆ ಚಂದ್ರಕಾಂತವೇ. ಆದರೆ ವರಾಹಮಿಹಿರನು ವಿವರವಾಗಿ ಪರೀಕ್ಷಿಸುವುದು ವಜ್ರ, ಮುತ್ತು, ಪದ್ಮರಾಗ, ಮರಕತಗಳನ್ನು ಮಾತ್ರ. ಶಶಿಕಾಂತದ ಬಗೆಗೆ ಹೆಸರಿನಿಂದಾಚೆಗೆ ಅವನು ಹೋಗುವುದಿಲ್ಲ.

ಇದಕ್ಕಿಂತ ಮಹತ್ವದ ಸೂಚನೆ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಮುದ್ರಣಗೊಂಡ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ, ಬೊಕ್ಕಸಕ್ಕೆ ಸೇರಬೇಕಾದ ರತ್ನಗಳ ಪರೀಕ್ಷೆಯನ್ನು ಹೇಳುವಾಗ, ಶುದ್ಧಸ್ಫಟಿಕ, ಮೂಲಾಟವರ್ಣ, ಶೀತವೃಷ್ಟಿ, ಸೂರ್ಯಕಾಂತ ಎಂಬ ನಾಲ್ಕು ಮಣಿಗಳನ್ನು ಒಟ್ಟಿಗೆ ಹೇಳಲಾಗಿದೆ. ತಣ್ಣನೆಯ ಮಳೆಗರೆಯುವುದು ಎಂಬ ಅರ್ಥದ ‘ಶೀತವೃಷ್ಟಿ’ಯನ್ನು ವ್ಯಾಖ್ಯಾನಕಾರರು ಚಂದ್ರಕಾಂತವೆಂದು ಗುರುತಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶ ವರ್ಗೀಕರಣದ್ದು. ಚಂದ್ರಕಾಂತವೂ ಸೂರ್ಯಕಾಂತವೂ ಜೋಡಿಯಾಗಿ ಬರುತ್ತವೆ. ಎರಡೂ ಸ್ಫಟಿಕದ ಬಳಗಕ್ಕೆ ಸೇರುತ್ತವೆ. ವರಾಹಮಿಹಿರನ ಪಟ್ಟಿಯಲ್ಲಿಯೂ ಶಶಿಕಾಂತ ಸ್ಫಟಿಕದ ನೆರೆಯಲ್ಲಿಯೇ ಇದೆ. ಸ್ಫಟಿಕವೆಂದರೆ ಕ್ವಾರ್ಟ್ಜ್, ಅದು ಫೆಲ್ಡ್‌ಸ್ಪಾರ್ ಅಲ್ಲ.

ಜೈನ ಆಗಮಗಳಲ್ಲಿ ಒಂದಾದ ‘ಉತ್ತರಾಧ್ಯಯನ ಸೂತ್ರ’ದ ಕೊನೆಯ ಅಧ್ಯಾಯದಲ್ಲಿ ಪೃಥ್ವೀಕಾಯಿಕ ಜೀವಗಳ ಪಟ್ಟಿಯಿದೆ. ಮಣ್ಣು, ಮರಳು, ಲೋಹಗಳಾದ ಮೇಲೆ ರತ್ನಗಳ ಹೆಸರುಗಳು ಬರುತ್ತವೆ. ಅಲ್ಲಿ ಚಂದ್ರಪ್ರಭ, ವೈಡೂರ್ಯ, ಜಲಕಾಂತ, ಸೂರ್ಯಕಾಂತಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಚಂದ್ರನ ಪ್ರಭೆಯ ಕಲ್ಲು ಒಂದು, ನೀರಿಗೆ ಸಂಬಂಧಪಟ್ಟ ಕಲ್ಲು ಇನ್ನೊಂದು ಎಂದು ಈ ಪಟ್ಟಿ ಬೇರ್ಪಡಿಸುತ್ತದೆ. ಕಾವ್ಯಗಳಲ್ಲಿ ಒಂದೇ ಶಿಲೆಯಲ್ಲಿ ಸೇರಿಕೊಂಡಿರುವ ಎರಡು ಗುಣಗಳು ಎಲ್ಲ ಪರಂಪರೆಗಳಲ್ಲಿಯೂ ಒಟ್ಟಿಗೇ ಇರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ವೈದ್ಯಗ್ರಂಥಗಳ ನೋಟ ಇನ್ನೊಂದು ಬಗೆಯದು. ‘ಸುಶ್ರುತ ಸಂಹಿತೆ’ಯ ಸೂತ್ರಸ್ಥಾನದಲ್ಲಿ ದ್ರವದ್ರವ್ಯಗಳ ಗುಣಗಳನ್ನು ಹೇಳುವಾಗ ಚಂದ್ರಕಾಂತದಿಂದ ಹುಟ್ಟಿದ ನೀರಿಗೂ ಒಂದು ಸ್ಥಾನ ದೊರೆತಿದೆ. ಆ ನೀರು ತಂಪು, ನಿರ್ಮಲ, ಆಹ್ಲಾದಕರ. ಜ್ವರ, ದಾಹ, ವಿಷಗಳನ್ನು ಕಳೆಯುತ್ತದೆ, ಪಿತ್ತವನ್ನು ಶಮನಗೊಳಿಸುತ್ತದೆ ಎಂದು ಸಂಹಿತೆ ಹೇಳುತ್ತದೆ. ಚಂದ್ರನು ಶೀತಕಿರಣ, ಆದುದರಿಂದ ಚಂದ್ರನಿಂದ ಬಂದ ನೀರು ಶೀತಗುಣವುಳ್ಳದ್ದು, ಆದುದರಿಂದ ಅದು ಪಿತ್ತಹರ. ಈ ಸರಣಿಯಲ್ಲಿ ಒಳಗಿನ ತರ್ಕ ಸುಸಂಗತವಾಗಿದೆ. ಸದೃಶವಾದುದು ಸದೃಶವನ್ನು ಉಂಟುಮಾಡುತ್ತದೆಂಬ ನಂಬಿಕೆಯನ್ನು ಜಾನಪದ ವಿದ್ವಾಂಸರು ಸಾದೃಶ್ಯ ತತ್ತ್ವವೆಂದು ಕರೆಯುತ್ತಾರೆ. ಚಂದ್ರಕಾಂತದ ನೀರು ಈ ತತ್ತ್ವಕ್ಕೆ ಶಿಷ್ಟಪರಂಪರೆಯೊಳಗಿನ ಒಳ್ಳೆಯ ನಿದರ್ಶನ.

ನೀರೊಸರುವ ಕಲ್ಲು

ಕಾಳಿದಾಸನ ‘ಮೇಘದೂತ’ದ ಅಲಕಾನಗರಿಯಲ್ಲಿ ದಾರದ ಜಾಲಗಳಲ್ಲಿ ತೂಗುಹಾಕಿದ ಚಂದ್ರಕಾಂತ ಮಣಿಗಳಿವೆ. ನಡುರಾತ್ರಿಯಲ್ಲಿ ಮೋಡ ಸರಿದು ಚಂದ್ರಕಿರಣ ತಾಗಿದಾಗ ಅವು ಹನಿಹನಿಯಾಗಿ ನೀರು ಸುರಿಸಿ ದಣಿವು ಕಳೆಯುತ್ತವೆ. ಭವಭೂತಿಯು ‘ಮಾಲತೀಮಾಧವ’ ಮತ್ತು ‘ಉತ್ತರರಾಮಚರಿತ’ ಎರಡರಲ್ಲಿಯೂ ಬಳಸಿರುವ ಒಂದು ಶ್ಲೋಕದಲ್ಲಿ ಚಂದ್ರಕಾಂತಕ್ಕೆ ಇನ್ನೂ ಆಳವಾದ ಅರ್ಥ ದೊರೆಯುತ್ತದೆ. ವಸ್ತುಗಳನ್ನು ಒಂದುಗೂಡಿಸುವುದು ಹೊರಗಿನ ಕಾರಣಗಳಲ್ಲ, ಒಳಗಿನ ಯಾವುದೋ ಹೇತು ಎನ್ನುವುದಕ್ಕೆ ಅವನು ಕೊಡುವ ನಿದರ್ಶನಗಳು ಎರಡು: ಸೂರ್ಯ ಹುಟ್ಟಿದಾಗ ಅರಳುವ ತಾವರೆ, ಚಂದ್ರ ಹುಟ್ಟಿದಾಗ ಕರಗುವ ಚಂದ್ರಕಾಂತ. ಇಲ್ಲಿ ಶಿಲೆಯು ಅಲಂಕಾರವಾಗಿ ಉಳಿಯದೆ ಪ್ರೀತಿಯ ಪ್ರಮಾಣವಾಗುತ್ತದೆ.

ಈ ಕಲ್ಪನೆಗೆ ಭೌತಿಕ ಆಧಾರವೇನಾದರೂ ಇದ್ದೀತೆ? ಇಬ್ಬನಿಯನ್ನು ಇಲ್ಲಿ ನೆನೆಯಬಹುದು. ಮೋಡವಿಲ್ಲದ ರಾತ್ರಿಯಲ್ಲಿ ಬಯಲಿಗೆ ತೆರೆದ ಕಲ್ಲು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ಬೇಗ ತಣಿಯುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಚಂದ್ರ ನಿಚ್ಚಳವಾಗಿ ಕಾಣುವುದೂ ಮೋಡವಿಲ್ಲದ ರಾತ್ರಿಯಲ್ಲಿಯೇ. ಹೀಗೆ ಬೆಳದಿಂಗಳೂ ಕಲ್ಲಿನ ಮೇಲಿನ ನೀರೂ ಒಟ್ಟಿಗೆ ಕಾಣಿಸಿಕೊಳ್ಳುವುದರಿಂದ ಒಂದನ್ನು ಇನ್ನೊಂದರ ಕಾರಣವೆಂದು ಭಾವಿಸಿರುವುದು ಸಾಧ್ಯ. ಆದರೆ ಇದು ಊಹೆ ಮಾತ್ರ. ಊಹೆಯನ್ನು ಒಪ್ಪಿದರೂ ಅದು ಯಾವ ಕಲ್ಲು ಎಂಬುದನ್ನು ಹೇಳುವುದಿಲ್ಲ. ಏಕೆಂದರೆ ಇಬ್ಬನಿ ಎಲ್ಲ ಕಲ್ಲುಗಳ ಮೇಲೂ ಕಟ್ಟುತ್ತದೆ.

ಸೂರ್ಯಕಾಂತದ ಸ್ಥಿತಿ ಇದಕ್ಕಿಂತ ಭಿನ್ನ. ಉಬ್ಬಾಗಿ ಉಜ್ಜಿದ ಸ್ಪಷ್ಟ ಸ್ಫಟಿಕವನ್ನು ಬಿಸಿಲಿಗೆ ಹಿಡಿದರೆ ಅದು ಕಿರಣಗಳನ್ನು ಒಂದೆಡೆಗೆ ತಂದು ಹತ್ತಿಯನ್ನೋ ಒಣಹುಲ್ಲನ್ನೋ ಹೊತ್ತಿಸುತ್ತದೆ. ಯಾರಾದರೂ ಮಾಡಿ ನೋಡಬಹುದಾದ ಪ್ರಯೋಗವಿದು. ಸೂರ್ಯನಿಂದ ಬೆಂಕಿಯನ್ನು ಪಡೆಯುವ ಕಲ್ಲು ಇರುವುದಾದರೆ ಚಂದ್ರನಿಂದ ನೀರನ್ನು ಪಡೆಯುವ ಕಲ್ಲೂ ಇರಬೇಕೆಂಬುದು ಜೋಡಿಗಳಲ್ಲಿ ಯೋಚಿಸುವ ಮನಸ್ಸಿಗೆ ಸಹಜ. ಅಗ್ನಿ ಮತ್ತು ಸೋಮ, ಉಷ್ಣ ಮತ್ತು ಶೀತ, ಹಗಲು ಮತ್ತು ಇರುಳು ಎಂಬ ದ್ವಂದ್ವಗಳ ನಡುವೆ ಚಂದ್ರಕಾಂತವು ಸೂರ್ಯಕಾಂತದ ಅಗತ್ಯ ಪ್ರತಿರೂಪವಾಗಿ ಹುಟ್ಟಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಖನಿಜವನ್ನು ಹುಡುಕಬೇಕಾದ ಅನಿವಾರ್ಯತೆಯಿಲ್ಲ.

ಫೆಲ್ಡ್‌ಸ್ಪಾರ್ ಮತ್ತು ಅದರೊಳಗಿನ ಬೆಳಕು

ಈಗ ಖನಿಜದ ಕಡೆಗೆ ತಿರುಗಬಹುದು. ಫೆಲ್ಡ್‌ಸ್ಪಾರ್ ಎಂಬುದು ಒಂದು ಖನಿಜದ ಹೆಸರಲ್ಲ, ಒಂದು ಕುಲದ ಹೆಸರು. ಭೂತೊಗಟೆಯ ಅರ್ಧಕ್ಕಿಂತ ಹೆಚ್ಚು ಭಾಗ ಈ ಕುಲದ ಖನಿಜಗಳಿಂದಾದುದು. ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕಗಳ ಚೌಕಟ್ಟಿನೊಳಗೆ ಪೊಟಾಸಿಯಂ, ಸೋಡಿಯಂ ಅಥವಾ ಕ್ಯಾಲ್ಸಿಯಂ ಸೇರಿದಾಗ ಇದರ ಬೇರೆ ಬೇರೆ ಬಗೆಗಳು ಉಂಟಾಗುತ್ತವೆ. ಪೊಟಾಸಿಯಂ ಪ್ರಧಾನವಾದದ್ದು ಆರ್ಥೋಕ್ಲೇಸ್ ಮತ್ತು ಮೈಕ್ರೋಕ್ಲೀನ್. ಸೋಡಿಯಂ ಪ್ರಧಾನವಾದದ್ದು ಆಲ್ಬೈಟ್. ಕ್ಯಾಲ್ಸಿಯಂ ಪ್ರಧಾನವಾದದ್ದು ಅನಾರ್ಥೈಟ್. ಆಲ್ಬೈಟಿನಿಂದ ಅನಾರ್ಥೈಟಿನವರೆಗಿನ ಸರಣಿಗೆ ಪ್ಲೇಜಿಯೋಕ್ಲೇಸ್ ಎಂದು ಹೆಸರು. ರಾಮನಗರದ ಬೆಟ್ಟಗಳಿಂದ ಹಂಪಿಯ ಬಂಡೆಗಳವರೆಗೆ ಹಬ್ಬಿರುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟಿಗೆ ನಸುಗೆಂಪು ಬಣ್ಣವನ್ನು ಕೊಟ್ಟಿರುವುದು ಪೊಟಾಸಿಯಂ ಫೆಲ್ಡ್‌ಸ್ಪಾರ್. ಕನ್ನಡ ನಾಡಿನವರು ಈ ಖನಿಜಕುಲದ ಮೇಲೆ ನಡೆದಿದ್ದಾರೆ, ಅದನ್ನು ಕಡಿದು ಮನೆ ಕಟ್ಟಿದ್ದಾರೆ. ಅದಕ್ಕೆ ರತ್ನದ ಹೆಸರನ್ನು ಮಾತ್ರ ಕೊಟ್ಟಿಲ್ಲ.

ರತ್ನವಾಗುವ ಮೂನ್‌ಸ್ಟೋನ್ ಹುಟ್ಟುವುದು ಪೊಟಾಸಿಯಂ ಮತ್ತು ಸೋಡಿಯಂ ಫೆಲ್ಡ್‌ಸ್ಪಾರ್‌ಗಳ ಸಹವಾಸದಿಂದ. ಹೆಚ್ಚಿನ ಉಷ್ಣತೆಯಲ್ಲಿ ಇವೆರಡೂ ಒಂದೇ ಹರಳಿನಲ್ಲಿ ಬೆರೆತಿರುತ್ತವೆ. ಶಿಲೆ ತಣಿಯುತ್ತ ಬಂದಂತೆ ಒಟ್ಟಿಗೆ ಇರಲಾರದೆ ಆರ್ಥೋಕ್ಲೇಸ್ ಮತ್ತು ಆಲ್ಬೈಟುಗಳಾಗಿ ಪದರಪದರವಾಗಿ ಬೇರ್ಪಡುತ್ತವೆ. ಕಾಯಿಸಿದ ತುಪ್ಪ ಆರುವಾಗ ಹರಳುಗಟ್ಟುವ ಕ್ರಮವನ್ನು ಇದಕ್ಕೆ ಹೋಲಿಸಬಹುದು: ನಿಧಾನವಾಗಿ ಆರಿದರೆ ಹರಳು ದಪ್ಪ, ಬೇಗ ಆರಿದರೆ ಹರಳು ಸಣ್ಣ. ಫೆಲ್ಡ್‌ಸ್ಪಾರಿನ ಪದರಗಳು ಬೆಳಕಿನ ಅಲೆಯುದ್ದಕ್ಕೆ ಹೋಲಿಸಬಹುದಾದಷ್ಟು ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ಉಳಿದಾಗ, ಒಳಹೊಕ್ಕ ಬೆಳಕು ಅವುಗಳಿಂದ ಚದುರಿ ಹೊರಬರುತ್ತದೆ. ಪದರಗಳು ಬಹಳ ತೆಳುವಾಗಿದ್ದರೆ ಹೊಳಪು ನೀಲಿ, ದಪ್ಪವಾಗಿದ್ದರೆ ಬಿಳಿ. ಪದರಗಳು ಇನ್ನೂ ಬೆಳೆದು ಒರಟಾದರೆ ಹೊಳಪು ಮಾಯವಾಗುತ್ತದೆ. ಸಾಮಾನ್ಯ ಗ್ರಾನೈಟಿನ ಫೆಲ್ಡ್‌ಸ್ಪಾರಿನಲ್ಲಿ ಬರಿಗಣ್ಣಿಗೇ ಕಾಣುವಂತಹ ಒರಟು ಪದರಗಳು ಇರುವುದುಂಟು. ಕುಲ ಒಂದೇ ಆದರೂ ರಾಮನಗರದ ಬಂಡೆ ಬಂಡೆಯಾಗಿಯೇ ಉಳಿದು ಶ್ರೀಲಂಕಾದ ತುಣುಕು ರತ್ನವಾದುದರ ಮುಖ್ಯ ಕಾರಣ ತಣಿದ ಬಗೆಯಲ್ಲಿದೆ.

ಈ ಹೊಳಪಿಗೆ ಖನಿಜಶಾಸ್ತ್ರದಲ್ಲಿ ಅಡುಲರೆಸೆನ್ಸ್ ಎಂಬ ಹೆಸರಿದೆ. ಸ್ವಿಟ್ಜರ್ಲೆಂಡಿನ ಅಡುಲಾ ಪರ್ವತದ ಹೆಸರಿನಿಂದ ಬಂದ ಅಡುಲೇರಿಯಾ ಎಂಬ ಫೆಲ್ಡ್‌ಸ್ಪಾರ್ ಬಗೆಯಿಂದ ಈ ಪದ ಹುಟ್ಟಿದೆ.

ಶ್ರೀಲಂಕಾದ ಮೂನ್‌ಸ್ಟೋನಿನ ಬೆಳಕನ್ನು ಕುರಿತ ಒಂದು ಮುಖ್ಯ ಅಧ್ಯಯನ ನಡೆದುದು ಬೆಂಗಳೂರಿನಲ್ಲಿ ಎಂಬುದು ಕನ್ನಡ ವಿದ್ವತ್ತಿನ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಸರ್ ಸಿ.ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದ ಬಳಿಕ ರತ್ನಗಳ ಮತ್ತು ಹೊಳೆಯುವ ಖನಿಜಗಳ ದೃಗ್ಗುಣಗಳ ಅಧ್ಯಯನದಲ್ಲಿ ತೊಡಗಿದರು. 1950ರಲ್ಲಿ ಎ. ಜಯರಾಮನ್ ಮತ್ತು ಟಿ.ಕೆ. ಶ್ರೀನಿವಾಸನ್ ಅವರೊಂದಿಗೆ ಅವರು ಸಿಂಹಳದ ಮೂನ್‌ಸ್ಟೋನುಗಳ ರಚನೆ ಹಾಗೂ ಬೆಳಕಿನ ವರ್ತನೆಯನ್ನು ಕುರಿತ ಪ್ರಬಂಧವನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಪ್ರಕಟಿಸಿದರು. ಅದೇ ವರ್ಷ ಲ್ಯಾಬ್ರಡೊರೈಟ್ ಎಂಬ ಇನ್ನೊಂದು ಫೆಲ್ಡ್‌ಸ್ಪಾರಿನ ಬಣ್ಣಗಳನ್ನು ಕುರಿತೂ ಬರೆದರು. ಹರಳಿನೊಳಗೆ ಬೇರ್ಪಟ್ಟು ನಿಂತ ಆಲ್ಬೈಟಿನಿಂದ ಬೆಳಕು ಚದುರುವುದೇ ಮೂನ್‌ಸ್ಟೋನಿನ ಹೊಳಪಿಗೆ ಕಾರಣವೆಂಬುದನ್ನು ಅವರ ವಿವರಣೆ ಮುಂದಿಟ್ಟಿತು. ಹೊಳಪು ಕಲ್ಲಿನ ಮೈಮೇಲಿನದಲ್ಲ, ಒಳಗಿನ ಅಸಮತೆಯ ಫಲ.

ಇಲ್ಲಿಯೇ ಎರಡು ಚಂದ್ರಕಾಂತಗಳ ಅಂತರ ಸ್ಪಷ್ಟವಾಗುತ್ತದೆ. ಖನಿಜದ ಹೊಳಪಿಗೆ ಚಂದ್ರನ ಅಗತ್ಯವಿಲ್ಲ. ಅದು ಬಿಸಿಲಿನಲ್ಲಿಯೂ ಹೊಳೆಯುತ್ತದೆ, ದೀಪದ ಮುಂದೆಯೂ ಹೊಳೆಯುತ್ತದೆ. ಅದು ನೀರೊಸರುವುದಿಲ್ಲ. ಇತ್ತ, ಮೇಲೆ ಪರಿಶೀಲಿಸಿದ ಕಾವ್ಯ ಮತ್ತು ವೈದ್ಯಗ್ರಂಥಗಳಲ್ಲಿ ಚಂದ್ರಕಾಂತದ ಜೀವಲಕ್ಷಣ ನೀರೊಸರುವುದು. ಕಲ್ಲನ್ನು ಅತ್ತಿತ್ತ ಹೊರಳಿಸಿದಾಗ ಒಳಗೆ ತೇಲಾಡುವ ನೀಲಿ ಬೆಳಕು, ಅಂದರೆ ಮೂನ್‌ಸ್ಟೋನನ್ನು ಕೈಯಲ್ಲಿ ಹಿಡಿದವರು ಮೊದಲು ಗಮನಿಸುವ ಗುಣ, ಅಲ್ಲಿ ಲಕ್ಷಣವಾಗಿ ಬಂದಿಲ್ಲ.

ನೆಲೆ, ಕೆಲಸ ಮತ್ತು ಆಭರಣ

ಮೂನ್‌ಸ್ಟೋನಿನ ಪ್ರಸಿದ್ಧ ನೆಲೆ ಶ್ರೀಲಂಕಾದ ದಕ್ಷಿಣ ಕರಾವಳಿಯ ಅಂಬಲಂಗೊಡದ ಬಳಿಯ ಮೀಟಿಯಾಗೊಡ. ಒಳ್ಳೆಯ ನೀಲಿ ಹೊಳಪಿನ ಕಲ್ಲುಗಳಿಗೆ ಅದು ಹೆಸರಾಗಿತ್ತು. ಅಲ್ಲಿ ಫೆಲ್ಡ್‌ಸ್ಪಾರ್ ತುಂಬಿದ ಶಿಲೆ ಕಾಲಾಂತರದಲ್ಲಿ ಶಿಥಿಲವಾಗಿ ಬಿಳಿಯ ಜೇಡಿಯಾಗಿದೆ. ಗುಂಡಿ ತೋಡಿ ಆ ಜೇಡಿಯನ್ನು ಮೇಲೆತ್ತಿ ತೊಳೆದು ಕಲ್ಲನ್ನು ಆರಿಸುತ್ತಾರೆ. ಪಿಂಗಾಣಿಗೆ ಬಳಸುವ ಈ ಜೇಡಿಯೂ ಹುಟ್ಟಿದುದು ಫೆಲ್ಡ್‌ಸ್ಪಾರಿನಿಂದಲೇ. ಒಂದೇ ಖನಿಜದ ಅಳಿದ ಭಾಗದೊಳಗಿನಿಂದ ಅದರ ಉಳಿದ ಭಾಗವನ್ನು ಹೆಕ್ಕುವ ಕೆಲಸವಿದು.

ಭಾರತದಲ್ಲಿ ತಮಿಳುನಾಡಿನ ಕಾಂಗೇಯಂ ಪ್ರದೇಶ ಈ ಕಲ್ಲಿಗೆ ಹೆಸರಾಗಿದೆ. ಭಾರತೀಯ ಕಲ್ಲುಗಳಲ್ಲಿ ಬಿಳಿಯಲ್ಲದೆ ಬೂದು, ಕಂದು, ಕಿತ್ತಳೆಮಿಶ್ರಿತ ನಸುಗೆಂಪು, ತೆಳುಹಸಿರು ಮೈಬಣ್ಣಗಳು ಕಂಡುಬರುತ್ತವೆ. ಕೆಲವು ಕಲ್ಲುಗಳಲ್ಲಿ ಬೆಕ್ಕಿನ ಕಣ್ಣಿನಂತಹ ಗೆರೆಯೋ ನಾಲ್ಕು ಕಿರಣಗಳ ನಕ್ಷತ್ರವೋ ಮೂಡುವುದುಂಟು.

ಕಲ್ಲಿನ ಗುಣಗಳು ಅದನ್ನು ಕೆತ್ತುವ ಕ್ರಮವನ್ನೂ ತೊಡುವ ಕ್ರಮವನ್ನೂ ನಿರ್ಧರಿಸಿವೆ. ಮೋಸ್ ಮಾನದಂಡದಲ್ಲಿ ಮೂನ್‌ಸ್ಟೋನಿನ ಕಾಠಿಣ್ಯ 6ರಿಂದ 6.5, ಸಾಪೇಕ್ಷ ಸಾಂದ್ರತೆ ಸುಮಾರು 2.56ರಿಂದ 2.59, ವಕ್ರೀಭವನಾಂಕ ಸುಮಾರು 1.52. ಬೀದಿಯ ಧೂಳಿನಲ್ಲಿರುವ ಸ್ಫಟಿಕದ ಕಣಗಳ ಕಾಠಿಣ್ಯ 7 ಆದುದರಿಂದ ದಿನಬಳಕೆಯ ಉಂಗುರದಲ್ಲಿ ಈ ಕಲ್ಲು ಬೇಗ ಗೀರುಬಿದ್ದು ಮಂಕಾಗುತ್ತದೆ. ಹೆಚ್ಚುಕಡಿಮೆ ಲಂಬಕೋನದಲ್ಲಿರುವ ಎರಡು ದಿಕ್ಕುಗಳಲ್ಲಿ ಇದು ಸುಲಭವಾಗಿ ಸೀಳುತ್ತದೆ. ಪೆಟ್ಟಿಗೂ ಹಠಾತ್ತನೆ ಬೀಳುವ ಕಾವಿಗೂ ಅಂಜುವ ಕಲ್ಲಿದು. ಇದನ್ನು ಸಾಮಾನ್ಯವಾಗಿ ವಜ್ರದಂತೆ ಮುಖಗಳಾಗಿ ಕೆತ್ತದೆ, ತಳ ಚಪ್ಪಟೆಯಾಗಿ ಮೇಲ್ಭಾಗ ಗುಮ್ಮಟದಂತೆ ಉಬ್ಬಿರುವಂತೆ ಉಜ್ಜುತ್ತಾರೆ. ಒಳಪದರಗಳ ದಿಕ್ಕನ್ನು ಮೊದಲು ಗುರುತಿಸಿ ಕಲ್ಲಿನ ತಳವನ್ನು ಅವುಗಳಿಗೆ ಸಮಾಂತರವಾಗಿ ಇರಿಸಿದರೆ ಮಾತ್ರ ಬೆಳಕು ಗುಮ್ಮಟದ ನಡುವೆ ನಿಲ್ಲುತ್ತದೆ. ದಿಕ್ಕು ತಪ್ಪಿದರೆ ಹೊಳಪು ಒಂದು ಅಂಚಿಗೆ ಸರಿಯುತ್ತದೆ ಅಥವಾ ಕಾಣದೇ ಹೋಗುತ್ತದೆ. ಕಲ್ಲಿನ ಬೆಲೆ ಕುಶಲಕರ್ಮಿಯ ಈ ಒಂದು ನಿರ್ಣಯವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ನವರತ್ನಗಳಲ್ಲಿ ಚಂದ್ರಕಾಂತವಿಲ್ಲ. ಚಂದ್ರಗ್ರಹಕ್ಕೆ ಪರಂಪರೆ ಗೊತ್ತುಪಡಿಸಿದ ರತ್ನ ಮುತ್ತು. ಮುತ್ತಿಗೆ ಬದಲಾಗಿ ತೊಡುವ ಉಪರತ್ನವೆಂಬ ನೆಲೆಯಲ್ಲಿ ಮೂನ್‌ಸ್ಟೋನ್ ಇಂದಿನ ಜ್ಯೋತಿಷ್ಯ ವ್ಯವಹಾರದೊಳಗೆ ಸ್ಥಾನ ಪಡೆದಿದೆ. ಯುರೋಪಿನಲ್ಲಿ 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಆರಂಭದ ನವಕಲಾ ಶೈಲಿಯ ಆಭರಣಕಾರರು, ಅವರಲ್ಲಿಯೂ ಫ್ರಾನ್ಸಿನ ರೆನೆ ಲಾಲಿಕ್, ಈ ಕಲ್ಲಿಗೆ ಹೊಸ ಗೌರವ ತಂದುಕೊಟ್ಟರು. ಇಂದಿನ ಮಾರುಕಟ್ಟೆಯಲ್ಲಿ ‘ಕಾಮನಬಿಲ್ಲಿನ ಮೂನ್‌ಸ್ಟೋನ್’ ಎಂದು ಮಾರಾಟವಾಗುವುದು ಆರ್ಥೋಕ್ಲೇಸ್ ಅಲ್ಲ, ಬಿಳಿಮೈಯ ಲ್ಯಾಬ್ರಡೊರೈಟ್. ಒಪಲೈಟ್ ಎಂಬ ಗಾಜೂ ಕೆಲವೆಡೆ ಮೂನ್‌ಸ್ಟೋನಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಹೆಸರಿನ ಅನಿಶ್ಚಿತತೆ ಗ್ರಂಥಕ್ಕೆ ಸೀಮಿತವಾಗದೆ ಕೊಳ್ಳುವವರ ಕೈಯವರೆಗೂ ತಲುಪಿದೆ.

ಹೆಸರಿನ ಸಂಚಾರ

ಚಂದ್ರನ ಹೆಸರಿನ ಕಲ್ಲು ಭಾರತಕ್ಕೆ ಮಾತ್ರ ಸೀಮಿತವಲ್ಲ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಚಂದ್ರನ ಆಕೃತಿಯನ್ನು ಒಳಗಿರಿಸಿಕೊಂಡು ಅದರೊಂದಿಗೇ ಬೆಳೆದು ಕ್ಷಯಿಸುವ ‘ಸೆಲೆನೈಟಿಸ್’ ಎಂಬ ಕಲ್ಲನ್ನು ಹೇಳುತ್ತಾನೆ. ಇಂದು ಸೆಲೆನೈಟ್ ಎಂಬ ಹೆಸರು ಜಿಪ್ಸಮ್ ಖನಿಜದ ಒಂದು ಬಗೆಗೆ ಸೇರಿದೆ. ಗ್ರೀಕ್ ಮೂಲದ ಹೆಸರು ಒಂದು ಖನಿಜಕ್ಕೆ ಹೋಯಿತು, ಅದೇ ಅರ್ಥದ ಇಂಗ್ಲಿಷ್ ಹೆಸರು ಇನ್ನೊಂದಕ್ಕೆ ಹೋಯಿತು.

ಸಂಸ್ಕೃತದ ಹೆಸರಿಗೆ ಇಂಗ್ಲಿಷಿನ ಹೆಸರು ಅಂಟಿಕೊಂಡುದು 19ನೆಯ ಶತಮಾನದ ನಿಘಂಟುಗಳ ಮತ್ತು ರತ್ನಗ್ರಂಥಗಳ ಮೂಲಕ ದೃಢವಾಯಿತು. ಕಲ್ಕತ್ತೆಯ ಸೌರೀಂದ್ರಮೋಹನ ಟಾಗೋರರ ‘ಮಣಿಮಾಲಾ’ದಂತಹ ಗ್ರಂಥಗಳು ರತ್ನಶಾಸ್ತ್ರವನ್ನು ಸಂಸ್ಕೃತದ ಜೊತೆಗೆ ಇಂಗ್ಲಿಷಿನಲ್ಲಿಯೂ ಸಾಲಾಗಿ ನಿರೂಪಿಸಿದವು. 1899ರ ಮೋನಿಯರ್ ವಿಲಿಯಮ್ಸ್ ನಿಘಂಟು ಚಂದ್ರಕಾಂತಕ್ಕೆ ಮೂನ್‌ಸ್ಟೋನ್ ಎಂಬ ಅರ್ಥವನ್ನು ಕೊಟ್ಟರೂ, ಅದು ಚಂದ್ರಕಿರಣಗಳು ಹೆಪ್ಪುಗಟ್ಟಿ ಉಂಟಾಗಿ ಚಂದ್ರನ ಬೆಳಕಿನಲ್ಲಿ ಕರಗುವುದೆಂದು ನಂಬಲಾದ ಮಣಿ ಎಂಬ ವಿವರಣೆಯನ್ನೂ ಜೊತೆಗಿರಿಸಿದೆ. ಆ ಎಚ್ಚರದ ವಿವರಣೆಯನ್ನು ಮುಂದಿನ ಬಳಕೆದಾರರು ಕೈಬಿಟ್ಟು ಸಮಾನಪದವನ್ನು ಮಾತ್ರ ಉಳಿಸಿಕೊಂಡರು.

ಕನ್ನಡ ನಾಡಿಗೆ ಸಂಬಂಧಪಟ್ಟ ಎರಡು ಉದಾಹರಣೆಗಳು ಈ ಗೊಂದಲದ ವ್ಯಾಪ್ತಿಯನ್ನು ತೋರಿಸುತ್ತವೆ. ಮೊದಲನೆಯದು 1868ರಲ್ಲಿ ಪ್ರಕಟವಾದ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಎಂಬ ಇಂಗ್ಲಿಷ್ ಕಾದಂಬರಿ. ಇದರ ಕಥೆ ತೆರೆದುಕೊಳ್ಳುವುದು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಸಂದರ್ಭದಲ್ಲಿ. ಸೋಮನಾಥದ ಚಂದ್ರದೇವತೆಯ ಹಣೆಯಲ್ಲಿದ್ದುದೆಂದು ಹೇಳಲಾದ ರತ್ನವೊಂದು ಟಿಪ್ಪುವಿನ ಆಯುಧಶಾಲೆಯಿಂದ ಲೂಟಿಯಾಗುತ್ತದೆ. ರತ್ನದ ಕಥೆ ಕಲ್ಪಿತ. ಕೋಟೆಯ ಪತನ ಚರಿತ್ರೆ. ಆದರೆ ಕಾದಂಬರಿಯ ಮೂನ್‌ಸ್ಟೋನ್ ಫೆಲ್ಡ್‌ಸ್ಪಾರ್ ಅಲ್ಲ, ಹಳದಿ ವಜ್ರ. ಅದರ ಹೆಸರಿಗೆ ಕಾರಣ ಬಣ್ಣ ಮತ್ತು ಚಂದ್ರನೊಂದಿಗೆ ಅದರ ಕಾಂತಿ ಹೆಚ್ಚುಕಡಿಮೆಯಾಗುವುದೆಂಬ ನಂಬಿಕೆ ಎಂದು ಕಾದಂಬರಿಯೇ ಹೇಳುತ್ತದೆ.

ಎರಡನೆಯದು ವಾಸ್ತುವಿಗೆ ಸಂಬಂಧಿಸಿದುದು. ಕರ್ನಾಟಕದ ದೇವಾಲಯಗಳ ಬಾಗಿಲ ಮುಂದಿನ ಅರ್ಧಚಂದ್ರಾಕಾರದ ಮೆಟ್ಟಿಲಿಗೆ ಚಂದ್ರಶಿಲೆಯೆಂದು ಹೆಸರು. ಶ್ರೀಲಂಕಾದ ಅನುರಾಧಪುರ, ಪೊಲೊನ್ನರುವಗಳಲ್ಲಿ ಆನೆ, ಕುದುರೆ, ಸಿಂಹ, ಹಂಸಗಳ ಸಾಲುಗಳಿಂದ ಅಲಂಕೃತವಾದ ಇಂತಹ ಕಲ್ಲಿಗೆ ಸಿಂಹಳದಲ್ಲಿ ಸಂದಕಡ ಪಹನ ಎನ್ನುತ್ತಾರೆ. ಇಂಗ್ಲಿಷ್ ಬರಹಗಳು ಇದನ್ನೂ ಮೂನ್‌ಸ್ಟೋನ್ ಎಂದೇ ಕರೆಯುತ್ತವೆ. ಮೂನ್‌ಸ್ಟೋನ್ ರತ್ನಕ್ಕೆ ಹೆಸರಾದ ದ್ವೀಪದಲ್ಲಿಯೇ ಹೊಸ್ತಿಲ ಕಲ್ಲಿಗೂ ಇಂಗ್ಲಿಷಿನಲ್ಲಿ ಅದೇ ಹೆಸರಿರುವುದರಿಂದ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಸಂದರ್ಭವನ್ನು ಅರಿಯದಿದ್ದರೆ ಮೆಟ್ಟಿಲು ಮಣಿಯಾಗುವ ಅಪಾಯವಿದೆ. ಕನ್ನಡದಲ್ಲಿ ಚಂದ್ರಶಿಲೆ, ಚಂದ್ರಕಾಂತ ಎಂಬ ಎರಡು ಬೇರೆ ಪದಗಳಿದ್ದು ಅವುಗಳ ನಡುವಿನ ವ್ಯತ್ಯಾಸವನ್ನು ಕಾಪಾಡಿಕೊಳ್ಳಲು ಭಾಷೆಯೇ ಅನುವು ಮಾಡಿಕೊಟ್ಟಿದೆ.

ನೆರೆಯ ತೆಲುಗಿನಲ್ಲಿ ಚಂದ್ರಕಾಂತವೆಂದರೆ ಜನಬಳಕೆಯಲ್ಲಿ ಒಂದು ಹೂವು. ಕನ್ನಡದವರು ಸಂಜೆಮಲ್ಲಿಗೆ ಎನ್ನುವ, ಹೊತ್ತಿಳಿದ ಮೇಲೆ ಅರಳುವ ಗಿಡವಿದು. ಶಿಷ್ಟಕಾವ್ಯದ ಅಪೂರ್ವ ಮಣಿಯ ಹೆಸರನ್ನು ಜನಸಮುದಾಯ ಹಿತ್ತಿಲಿನ ಹೂವಿಗೆ ಕೊಟ್ಟಿದೆ. ಹೆಸರಿನ ತಿರುಳು ಕಲ್ಲಿನಲ್ಲಿಲ್ಲ, ಚಂದ್ರನಿಗೆ ಓಗೊಡುವ ಸ್ವಭಾವದಲ್ಲಿದೆ ಎಂಬುದನ್ನು ಈ ಬಳಕೆ ಯಾವ ಟಿಪ್ಪಣಿಗಿಂತಲೂ ಚೆನ್ನಾಗಿ ಹಿಡಿದಿದೆ.

ಚಂದ್ರನ ಮೇಲಿನ ಫೆಲ್ಡ್‌ಸ್ಪಾರ್

ಅಮೆರಿಕದ ಫ್ಲಾರಿಡಾ ರಾಜ್ಯವು ಮಾನವನ ಚಂದ್ರಯಾನದ ನೆನಪಿಗಾಗಿ 1970ರಲ್ಲಿ ಮೂನ್‌ಸ್ಟೋನನ್ನು ತನ್ನ ರಾಜ್ಯರತ್ನವೆಂದು ಘೋಷಿಸಿತು. ಆ ಕಲ್ಲು ಫ್ಲಾರಿಡಾದಲ್ಲಿ ದೊರೆಯುವುದಿಲ್ಲ. ಚಂದ್ರನಿಂದ ತಂದ ಶಿಲೆಗಳಲ್ಲಿಯೂ ಈ ರತ್ನ ಸಿಕ್ಕಿಲ್ಲ. ಆದರೆ ಅದರ ಕುಲ ಅಲ್ಲಿ ಹೇರಳವಾಗಿದೆ. ಭೂಮಿಯಿಂದ ಬೆಳ್ಳಗೆ ಕಾಣುವ ಚಂದ್ರನ ಎತ್ತರದ ಪ್ರದೇಶಗಳು ಬಹುಪಾಲು ಅನಾರ್ಥೊಸೈಟ್ ಎಂಬ ಶಿಲೆಯಿಂದಾಗಿವೆ. ಅನಾರ್ಥೊಸೈಟ್ ಎಂದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಕ್ಯಾಲ್ಸಿಯಂ ಪ್ರಧಾನವಾದ ಫೆಲ್ಡ್‌ಸ್ಪಾರ್. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಇಂತಹ ಪ್ರಸಿದ್ಧ ತುಣುಕೊಂದನ್ನು ತಂದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಚಂದ್ರಯಾನ-3 ನೌಕೆ 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದತ್ತಣ ಪ್ರದೇಶದಲ್ಲಿ ಇಳಿಯಿತು. ಅದರ ಪ್ರಜ್ಞಾನ್ ರೋವರ್ ನಡೆಸಿದ 23 ಅಳತೆಗಳ ಫಲಿತಾಂಶ 2024ರಲ್ಲಿ ಪ್ರಕಟವಾದಾಗ, ಅಲ್ಲಿನ ಮಣ್ಣಿನಲ್ಲಿಯೂ ಪ್ರಧಾನವಾದುದು ಇದೇ ಜಾತಿಯ ಶಿಲೆಯೆಂದು ತಿಳಿದುಬಂತು. ಬೆಳದಿಂಗಳು ಚಂದ್ರನ ಸ್ವಂತ ಬೆಳಕಲ್ಲ. ಸೂರ್ಯನ ಬೆಳಕು ಬಹುಮಟ್ಟಿಗೆ ಫೆಲ್ಡ್‌ಸ್ಪಾರಿನ ಮೇಲೆ ಬಿದ್ದು ಹಿಂತಿರುಗಿದುದು.

ಈ ಸಂಗತಿ ಮನಸೆಳೆಯುವಂತಹುದು. ಅಷ್ಟೇ ಅಪಾಯಕಾರಿಯೂ ಹೌದು. ಚಂದ್ರನು ಫೆಲ್ಡ್‌ಸ್ಪಾರಿನಿಂದ ಆಗಿರುವುದನ್ನು ಪ್ರಾಚೀನರು ಅರಿತಿದ್ದರು, ಆದುದರಿಂದಲೇ ಫೆಲ್ಡ್‌ಸ್ಪಾರಿಗೆ ಚಂದ್ರಕಾಂತವೆಂದು ಹೆಸರಿಟ್ಟರು ಎಂಬ ವಾದಕ್ಕೆ ಇದು ಸುಲಭವಾಗಿ ಎಡೆಮಾಡಿಕೊಡುತ್ತದೆ. ಮೇಲೆ ಕಂಡಂತೆ ಪ್ರಾಚೀನರ ಶಿಲೆ ಸ್ಫಟಿಕದ ಬಳಗಕ್ಕೆ ಸೇರಿದುದು. ಅದರ ಲಕ್ಷಣ ನೀರು. ಅದರ ಹುಟ್ಟು ಸೂರ್ಯಕಾಂತದ ಜೋಡಿಯಾಗಿ. ಫೆಲ್ಡ್‌ಸ್ಪಾರಿನೊಂದಿಗೆ ಅದರ ನಂಟು ಗಟ್ಟಿಯಾದುದು ಆಧುನಿಕ ಕಾಲದಲ್ಲಿ, ಭಾಷಾಂತರದ ಮೂಲಕ. ಇಲ್ಲದ ವಿಜ್ಞಾನವನ್ನು ಗ್ರಂಥಗಳಲ್ಲಿ ಕಾಣುವ ಆತುರದಲ್ಲಿ ಅಲ್ಲಿ ನಿಜವಾಗಿಯೂ ಇರುವುದು ಮರೆಯಾಗುತ್ತದೆ. ಅಲ್ಲಿರುವುದು ಕಡಲು, ಹೂವು, ಹಕ್ಕಿ, ಕಲ್ಲು ಎಂಬ ನಾಲ್ಕು ನೆಲೆಗಳಲ್ಲಿ ಜಗತ್ತು ಒಂದು ಬೆಳಕಿಗೆ ಓಗೊಡುತ್ತದೆಂಬ ದರ್ಶನ. ಜಡವೆನಿಸಿದ ಕಲ್ಲನ್ನೂ ಆ ಸ್ಪಂದನದಿಂದ ಹೊರಗಿಡದ ಆ ದರ್ಶನಕ್ಕೆ ಖನಿಜಶಾಸ್ತ್ರದ ಸಮರ್ಥನೆ ಬೇಕಿಲ್ಲ.

ಹಾಗೆಯೇ ಖನಿಜಕ್ಕೂ ಪುರಾಣದ ಆಸರೆ ಬೇಕಿಲ್ಲ. ಬೇರ್ಪಡುತ್ತ ಬೇರ್ಪಡುತ್ತ ಪೂರ್ಣವಾಗಿ ಬೇರೆಯಾಗದೆ ನಿಂತ ಎರಡು ದ್ರವ್ಯಗಳ ನಡುವೆ ಹುಟ್ಟುವ ಬೆಳಕು ತಾನಾಗಿಯೇ ಸಾಕಷ್ಟು ಅದ್ಭುತ. ಗ್ರಂಥಸಂಪಾದನೆ ಮಾಡುವವರು ಚಂದ್ರಕಾಂತ ಪದಕ್ಕೆ ಟಿಪ್ಪಣಿ ಬರೆಯುವಾಗ ‘ಚಂದ್ರಕಿರಣ ತಾಗಿದರೆ ನೀರೊಸರುವುದೆಂದು ಕವಿಸಮಯದಲ್ಲಿ ಪ್ರಸಿದ್ಧವಾದ ಮಣಿ’ ಎಂದು ಬರೆದು ನಿಲ್ಲಿಸುವುದು ಉಚಿತ. ವಸ್ತುಸಂಗ್ರಹಾಲಯಗಳು ಫೆಲ್ಡ್‌ಸ್ಪಾರ್ ಮಣಿಗೆ ಖನಿಜದ ಹೆಸರನ್ನು ಮೊದಲು ಬರೆದು, ಚಂದ್ರಕಾಂತವೆಂಬುದು ಈಗಿನ ಬಳಕೆಯ ಹೆಸರೆಂದು ಸೂಚಿಸುವುದು ಯೋಗ್ಯ. ಎರಡು ಸಾಲುಗಳ ಈ ಎಚ್ಚರದಿಂದ ಕಾವ್ಯವೂ ಕಲ್ಲೂ ತಮ್ಮ ತಮ್ಮ ಸತ್ಯದಲ್ಲಿ ಉಳಿಯುತ್ತವೆ.